ಯಜಮಾನನಿಲ್ಲದ ಜಾಲಕ್ಕೆ ಜಾತಕ: ಬಿಟ್‌ಕಾಯಿನ್‌ನ ಲಗ್ನ ಯಾವ ಊರಿನದು?

ಗಣಕ_ಚಾಮರಾಜಪೇಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಟ್‌ಕಾಯಿನ್, ಇಥೀರಿಯಂ ಥರದ ವಿಕೇಂದ್ರೀಕೃತ ಜಾಲಗಳಿಗೆ ಜಾತಕ ಹಾಕಲು ಕೂತರೆ ಗಣಿತ ಭಾಗದಲ್ಲೇ ಗಂಟು ಬೀಳುತ್ತಿದೆ.

ಮೊದಲು ಸಮಯ. ಬಿಟ್‌ಕಾಯಿನ್‌ನ ಶ್ವೇತಪತ್ರ ಹೊರಬಂದದ್ದು 31 ಅಕ್ಟೋಬರ್ 2008. ಜೆನೆಸಿಸ್ ಬ್ಲಾಕ್, ಅಂದರೆ ಸರಪಳಿಯ ಮೊದಲ ದಾಖಲೆ ಕಂತೆ, 3 ಜನವರಿ 2009. ಅದರ ಮುಂದಿನ ಬ್ಲಾಕ್ ಬಂದದ್ದು 9 ಜನವರಿ. ಇವುಗಳಲ್ಲಿ ಜನ್ಮಕಾಲ ಯಾವುದು? ಎರಡನೆಯದು ಸ್ಥಳ. ಬರೆದವರು ಯಾರು, ಎಲ್ಲಿದ್ದರು ಅನ್ನುವುದೇ ಲೋಕಕ್ಕೆ ತಿಳಿದಿಲ್ಲ. ಊರಿಲ್ಲದೆ ಲಗ್ನ, ಅಂದರೆ ಆ ಕ್ಷಣ ಪೂರ್ವದಲ್ಲಿ ಏಳುವ ರಾಶಿ, ಎಲ್ಲಿಂದ ತರೋದು? ಬೆಂಗಳೂರು ಅಂತ ಹಾಕಿ ಕನ್ಯಾ ಲಗ್ನ ಹೇಳುವವರಿದ್ದಾರೆ, ಲಂಡನ್ ಅಂತ ಹಾಕಿ ಕರ್ಕಾಟಕ ಹೇಳುವವರಿದ್ದಾರೆ.

ಮೂರನೆಯದು ಫಲಭಾಗ. ‘ಪ್ಲೂಟೋ ಕುಂಭಕ್ಕೆ ಬಂದಾಯ್ತು, ವಾಯುತತ್ತ್ವದ ಯುಗ ಶುರುವಾಯ್ತು, ಇನ್ನು ಅಧಿಕಾರವೆಲ್ಲ ಜನರ ಕೈಗೆ’ ಅಂತ ಎಲ್ಲ ಕಡೆ ಓಡಾಡುತ್ತಿದೆ. ನಮ್ಮ ಪಂಚಾಂಗದ ಗ್ರಹಸ್ಫುಟದಲ್ಲಿ ಪ್ಲೂಟೋಗೆ ಕಾಲಂ ಕೂಡ ಇಲ್ಲ. ನಕ್ಷತ್ರಗಳಿಂದ ರಾಶಿ ಎಣಿಸುವ ನಮ್ಮ ನಿರಯನ ಪದ್ಧತಿಯಲ್ಲಿ ಈ ಮಾತು ನಿಲ್ಲುತ್ತದೆಯೇ?

ಬೆಲೆ ಏರುತ್ತಾ ಇಳಿಯುತ್ತಾ ಅನ್ನುವ ಉತ್ತರ ಬೇಡ. ಸಮಾಜ ಹೇಗೆ ಬದಲಾಗುತ್ತದೆ ಅಂತ ಓದುವ ಕ್ರಮ ಬೇಕು. ತಿಳಿದವರು ಹೆಜ್ಜೆ ಹೆಜ್ಜೆಯಾಗಿ ಹೇಳಿದರೆ ಉಪಕಾರ.

---

ಸಿದ್ಧಾಂತಿ_ಬಸವನಗುಡಿ ಉತ್ತರ:

ಒಳ್ಳೆಯ ಪ್ರಶ್ನೆ. ಫಲ ಆಮೇಲೆ ಇರಲಿ, ಮೊದಲು ಗಣಿತ ಕಟ್ಟೋಣ.

ಜೆನೆಸಿಸ್ ಬ್ಲಾಕಿನಲ್ಲಿ ಕಾಲ ಒಂದು ಸಂಖ್ಯೆಯಾಗಿ ಕೂತಿದೆ: 1231006505. ಇದು 1 ಜನವರಿ 1970ರಿಂದ ಎಣಿಸಿದ ಸೆಕೆಂಡುಗಳು. 86400ರಿಂದ ಭಾಗಿಸಿದರೆ 14247 ದಿನ, ಶೇಷ 65705 ಸೆಕೆಂಡು. ಅಂದರೆ ಗ್ರೀನಿಚ್ ಕಾಲ 18 ಗಂಟೆ 15 ನಿಮಿಷ 5 ಸೆಕೆಂಡು. ಅದಕ್ಕೆ ನಮ್ಮ ಐದೂವರೆ ಗಂಟೆ, ಅಂದರೆ 19800 ಸೆಕೆಂಡು ಸೇರಿಸಿ: ರಾತ್ರಿ 11:45:05, 3 ಜನವರಿ 2009, ಶನಿವಾರ. ಸರ್ವಧಾರಿ ಸಂವತ್ಸರ, ಪುಷ್ಯ ಶುದ್ಧ ಸಪ್ತಮಿ.

ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಇಲ್ಲೇ. 18:15 ಅನ್ನು ಹಾಗೇ ಭಾರತೀಯ ಕಾಲ ಅಂತ ತಂತ್ರಾಂಶಕ್ಕೆ ತುಂಬುತ್ತಾರೆ. ಚಂದ್ರ 3 ಅಂಶ ಹಿಂದೆ ಬೀಳುತ್ತಾನೆ. ನಕ್ಷತ್ರ ಬದಲಾಗದ ಕಾರಣ ತಪ್ಪು ಕಣ್ಣಿಗೆ ಬೀಳೋದಿಲ್ಲ, ದಶಾಶೇಷ (ಹುಟ್ಟುವಾಗ ನಡೆಯುತ್ತಿದ್ದ ದಶೆಯಲ್ಲಿ ಉಳಿದ ಕಾಲ) ಮಾತ್ರ ನಾಲ್ಕು ವರ್ಷಕ್ಕಿಂತ ಹೆಚ್ಚು ಜರುಗಿಹೋಗಿರುತ್ತದೆ.

ಚಿತ್ರಾಪಕ್ಷ, ಅಂದರೆ ಲಾಹಿರಿ ಅಯನಾಂಶ (ಪಾಶ್ಚಾತ್ಯ ಎಣಿಕೆಗೂ ನಮ್ಮ ಎಣಿಕೆಗೂ ಇರುವ ಅಂತರ) ಹಿಡಿದರೆ ಆ ದಿನ ಸುಮಾರು 23 ಅಂಶ 59 ಕಲೆ. ಗ್ರಹಗಳು ಹೀಗೆ ಕೂರುತ್ತವೆ: ಧನುಸ್ಸಿನಲ್ಲಿ ರವಿ 19½ ಅಂಶ, ಕುಜ 11½ ಅಂಶ, ರವಿಗೆ ತೀರ ಹತ್ತಿರವಾದ್ದರಿಂದ ಕುಜ ಅಸ್ತಂಗತ. ಮಕರದಲ್ಲಿ ಗುರು 5½ ಅಂಶ, ಬುಧ, ರಾಹು. ಕುಂಭದಲ್ಲಿ ಶುಕ್ರ. ಮೀನದಲ್ಲಿ ಚಂದ್ರ 10½ ಅಂಶ, ಉತ್ತರಾಭಾದ್ರ 3ನೇ ಪಾದ. ಕರ್ಕಾಟಕದಲ್ಲಿ ಕೇತು. ಸಿಂಹದಲ್ಲಿ ಶನಿ 27½ ಅಂಶ ದಾಟಿ, ವಕ್ರಿ. ಗುರುವಿನ ಪರಮ ನೀಚ ಮಕರದ 5ನೇ ಅಂಶ ಅನ್ನುವುದನ್ನು ನೆನಪಿಡಿ, ಕೆಳಗೆ ಬೇಕಾಗುತ್ತದೆ.

ಈಗ ಲಗ್ನ. ಅದೇ ಕ್ಷಣಕ್ಕೆ ಬೆಂಗಳೂರಿನಲ್ಲಿ ಕನ್ಯಾ ಸುಮಾರು 11 ಅಂಶ, ಲಂಡನ್ನಿನಲ್ಲಿ ಕರ್ಕಾಟಕ ಸುಮಾರು 15, ಲಾಸ್ ಏಂಜಲೀಸ್‌ನಲ್ಲಿ ಕುಂಭ ಸುಮಾರು 19. ಮೂರೂ ಗಣಿತಕ್ಕೆ ಸರಿ, ಮೂರಕ್ಕೂ ಆಧಾರವಿಲ್ಲ. ಮೊದಲ ಬ್ಲಾಕಿನೊಳಗೆ ಆ ದಿನದ ಲಂಡನ್ ಪತ್ರಿಕೆಯ ತಲೆಬರಹ ಕೊರೆದಿದ್ದಾರೆ, ಬ್ಯಾಂಕುಗಳಿಗೆ ಸರ್ಕಾರ ಎರಡನೇ ಸಲ ನೆರವು ಕೊಡುವ ಅಂಚಿನಲ್ಲಿದೆ ಅನ್ನುವ ಸುದ್ದಿ. ಅದನ್ನೇ ಹಿಡಿದು ಲಂಡನ್ ಅನ್ನುತ್ತಾರೆ. ಆ ಪತ್ರಿಕೆಯನ್ನು ಇಂಟರ್ನೆಟ್‌ನಲ್ಲಿ ಯಾವ ಊರಿನಲ್ಲಿ ಕೂತಾದರೂ ಓದಬಹುದಿತ್ತು. ಸೂತಿಕಾಗೃಹ ಗೊತ್ತಿಲ್ಲದ ಮಗುವಿಗೆ ಲಗ್ನ ಊಹಿಸಿ ಬರೆಯಬಾರದು. ಅಂಥ ಕಡೆ ಚಂದ್ರಲಗ್ನದಿಂದ ನೋಡಿ ಅಂತ ಪದ್ಧತಿಯೇ ಇದೆ.

ಚಂದ್ರ, ನಕ್ಷತ್ರ, ರಾಶಿಕುಂಡಲಿ ಭೂಮಿಯ ಮೇಲೆ ಎಲ್ಲಿ ನಿಂತರೂ ಒಂದೇ. ವಾರ ಕೂಡ ಹೆಚ್ಚುಕಡಿಮೆ ಹಾಗೇ. ಟೋಕಿಯೋದಲ್ಲಿ ಆಗ ತಾರೀಕು 4, ಬೆಳಗಿನ ಜಾವ 3:15. ಸೂರ್ಯೋದಯ ಆಗಿರಲಿಲ್ಲ, ಹಾಗಾಗಿ ಅಲ್ಲಿಯೂ ಶನಿವಾರವೇ. ಯಜಮಾನನಿಲ್ಲದ, ಊರಿಲ್ಲದ ಜಾಲಕ್ಕೆ ಸಮಾನವಾಗಿ ಸಲ್ಲುವ ಅಂಶಗಳು ಇವು. ಓದುವುದಾದರೆ ಇವನ್ನೇ ಓದಬೇಕು.

ಶನಿವಾರ, ಶನಿಯ ನಕ್ಷತ್ರ, ಶನಿ ದಶೆಯಲ್ಲೇ ಜನನ. ಆ ಶನಿ ಚಂದ್ರನಿಂದ 6ನೇ ಮನೆಯಲ್ಲಿ, ರವಿಯ ಕ್ಷೇತ್ರದಲ್ಲಿ ವಕ್ರಿಯಾಗಿ ಕೂತಿದ್ದಾನೆ. ರವಿ ಅಂದರೆ ರಾಜ, ಟಂಕಸಾಲೆ, ಕೇಂದ್ರದ ಅಧಿಕಾರ. ಶನಿ ಅಂದರೆ ಜನಸಾಮಾನ್ಯ, ದುಡಿಮೆ, ತಡ, ಕಟ್ಟುನಿಟ್ಟು. 6ನೇ ಮನೆ ಋಣ ಮತ್ತು ಶತ್ರು. ಬ್ಯಾಂಕುಗಳ ಸಾಲದ ಸುದ್ದಿಯನ್ನು ಎದೆಯಲ್ಲಿ ಹೊತ್ತು ಹುಟ್ಟಿದ ಜಾಲಕ್ಕೆ ಇದಕ್ಕಿಂತ ಹೊಂದುವ ಸ್ಥಾನ ಬೇರೆ ಸಿಗಲಿಕ್ಕಿಲ್ಲ. ಈ ಜಾತಕದ ಜೀವ ಇರುವುದು ಇಲ್ಲಿ, ಬೆಲೆಯಲ್ಲಿ ಇಲ್ಲ. ದುಡಿಮೆ ತೋರಿಸದೆ ಬ್ಲಾಕ್ ಸಿಗದು, ಹತ್ತು ನಿಮಿಷ ಕಾಯದೆ ಮುಂದೆ ಹೋಗದು, 2 ಕೋಟಿ 10 ಲಕ್ಷಕ್ಕೆ ಎಣಿಕೆ ಕಟ್ಟು. ಎಲ್ಲವೂ ಶನಿಯ ಗುಣ.

ಲಾಭಸ್ಥಾನವಾದ ಮಕರದಲ್ಲಿ ಗುರು ಪರಮ ನೀಚಕ್ಕೆ ಅರ್ಧ ಅಂಶದ ಆಚೆ, ಜೊತೆಗೆ ರಾಹು. ಗುರು ಚಂಡಾಲ ಯೋಗ. ಜೊತೆಯಲ್ಲಿ ಲೆಕ್ಕಪತ್ರದ ಕಾರಕ ಬುಧ. ಲಾಭದ ಜೊತೆಯಲ್ಲೇ ಮೋಸವೂ ನಡೆದುಬರುತ್ತದೆ, ಗುರುವಿನ ವೇಷ ಹಾಕಿದವರು ಹಣ ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ಇದರ ನೇರ ಅರ್ಥ. ನೀಚಭಂಗವೂ (ನೀಚದೋಷ ಕಳೆಯುವ ಯೋಗ) ಇದೆ: ಮಕರದಲ್ಲಿ ಉಚ್ಚನಾಗುವ ಕುಜ ಚಂದ್ರನಿಂದ 10ನೇ ಕೇಂದ್ರದಲ್ಲಿದ್ದಾನೆ. ಆದರೆ ಆ ಕುಜ ಅಸ್ತಂಗತ. ಭಂಗ ಪೂರ್ಣವಾಗಿ ಆಯ್ತು ಅಂತ ಬರೆದುಕೊಡಲು ಮನಸ್ಸು ಬರುವುದಿಲ್ಲ.

ದಶೆಗೆ ಬಂದರೆ, ಶನಿ ದಶಾಶೇಷ ಸುಮಾರು 8 ವರ್ಷ 8 ತಿಂಗಳು. 2017ರ ಸೆಪ್ಟೆಂಬರ್ ಹೊತ್ತಿಗೆ ಬುಧ ದಶೆ, 17 ವರ್ಷ, 2034ರವರೆಗೆ. ಲಾಹಿರಿ ಬದಲು ರಾಮನ್ ಅಯನಾಂಶ ಇಟ್ಟರೆ ಅಂತರ 1 ಅಂಶ 27 ಕಲೆ, ದಶೆ ಎರಡು ವರ್ಷ ಹಿಂದಕ್ಕೆ ಬಂದು 2015ರಲ್ಲೇ ಬುಧ ಶುರು. ಹಾಗಾಗಿ ಜಾತಕದ ಕೆಳಗೆ ಯಾವ ಅಯನಾಂಶ ಅಂತ ಬರೆಯದವರ ದಶಾಭುಕ್ತಿಯನ್ನು ನಂಬಬೇಡಿ.

---

ನೋಡ್‌ಚಾಲಕ ಉತ್ತರ:

ಸಿದ್ಧಾಂತಿಗಳ ಲೆಕ್ಕ ಸರಿ ಇದೆ. ತಂತ್ರಜ್ಞಾನದ ಕಡೆಯಿಂದ ಒಂದಿಷ್ಟು ಸೇರಿಸಬೇಕು. ಬ್ಲಾಕಿನ ಮೇಲಿನ ಸಮಯವನ್ನು ಗಡಿಯಾರದ ಸಮಯ ಅಂತ ತಿಳಿಯುವುದೇ ಅಪಾಯ.

ಬಿಟ್‌ಕಾಯಿನ್ ನಿಯಮದಲ್ಲಿ ಟೈಮ್‌ಸ್ಟ್ಯಾಂಪ್‌ಗೆ ಎರಡೇ ಕಟ್ಟು. ಹಿಂದಿನ 11 ಬ್ಲಾಕುಗಳ ಸಮಯದಲ್ಲಿ ನಡುವಿನದಕ್ಕಿಂತ ಮುಂದಿರಬೇಕು, ಅದನ್ನು ಪರಿಶೀಲಿಸುವ ನೋಡ್‌ನ (ಜಾಲದ ಗಣಕದ) ಗಡಿಯಾರಕ್ಕಿಂತ 2 ಗಂಟೆಗಿಂತ ಹೆಚ್ಚು ಮುಂದಿರಬಾರದು. ಇಷ್ಟರೊಳಗೆ ಬ್ಲಾಕ್ ಕಟ್ಟುವ ಮೈನರ್ ಏನು ಬರೆದರೂ ನಡೆಯುತ್ತದೆ. ಒಂದು ಬ್ಲಾಕಿನ ಸಮಯ ಅದರ ಹಿಂದಿನ ಬ್ಲಾಕಿಗಿಂತ ಹಿಂದೆ ಇರುವುದೂ ಉಂಟು. 2 ಗಂಟೆ ಅಂದರೆ ನಿಮ್ಮ ಲೆಕ್ಕದಲ್ಲಿ 5 ಘಳಿಗೆ, ಒಂದು ಪೂರ್ತಿ ಲಗ್ನ. ಚಂದ್ರ 1 ಅಂಶ ದಾಟಿ ಚಲಿಸಿರುತ್ತಾನೆ, ಶನಿ ದಶೆಯ ಲೆಕ್ಕಕ್ಕೆ ಹೆಚ್ಚುಕಡಿಮೆ ಒಂದೂವರೆ ವರ್ಷ. ಜೆನೆಸಿಸ್‌ಗಂತೂ ಹಿಂದಿನ ಬ್ಲಾಕೇ ಇಲ್ಲ, ಈ ಕಟ್ಟುಗಳೂ ಅನ್ವಯಿಸುವುದಿಲ್ಲ. ಬರೆದವರು ಇಟ್ಟದ್ದೇ ಸಮಯ. ಪತ್ರಿಕೆಯ ತಲೆಬರಹ ಇರುವುದರಿಂದ ಜನವರಿ 3ಕ್ಕಿಂತ ಮೊದಲು ಆಗಿರಲಾರದು ಅನ್ನುವುದಷ್ಟೇ ಖಾತ್ರಿ.

ಬ್ಲಾಕ್ 1ರ ಸಮಯ 9 ಜನವರಿ 2009, ನಮ್ಮ ಬೆಳಗ್ಗೆ 8:24:25. ಜೆನೆಸಿಸ್‌ನ 50 ನಾಣ್ಯಗಳನ್ನು ಯಾರೂ ಖರ್ಚು ಮಾಡಲಾಗದು, ಅದು ಕೋಡಿನಲ್ಲಿ ಕೊರೆದ ಮೂಲೆಗಲ್ಲು. ಸರಪಳಿ ಉಸಿರಾಡತೊಡಗಿದ್ದು ಬ್ಲಾಕ್ 1ರಿಂದ. ಹುಟ್ಟು ಯಾವುದು ಅಂತ ನೀವು ತೀರ್ಮಾನಿಸಬೇಕು.

ಇಥೀರಿಯಂನಲ್ಲಿ ಇನ್ನೊಂದು ಹಳ್ಳ ಇದೆ. ಅದರ ಜೆನೆಸಿಸ್ ಬ್ಲಾಕಿನ ಸಮಯದ ಜಾಗದಲ್ಲಿ ಇರುವುದು ಸೊನ್ನೆ. ನೋಡ್‌ನಿಂದ ನೇರ ಓದಿಸಿ ಜಾತಕ ಹಾಕುವ ಸ್ಕ್ರಿಪ್ಟ್ ಬರೆದರೆ 1 ಜನವರಿ 1970, ಬೆಳಗಿನ 5:30ರ ಕುಂಡಲಿ ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಇಥೀರಿಯಂಗೂ ಅದಕ್ಕೂ ಸಂಬಂಧ ಇಲ್ಲ. ಬ್ಲಾಕ್ 1ರ ಸಮಯ ತೆಗೆದುಕೊಳ್ಳಿ: 1438269988, ಅಂದರೆ 30 ಜುಲೈ 2015, ಗುರುವಾರ, ನಮ್ಮ ರಾತ್ರಿ 8:56:28. ಗುರುಪೂರ್ಣಿಮೆಯ ಹಿಂದಿನ ರಾತ್ರಿ.

ಆಮೇಲೆ ಹಾವಿಂಗ್, ಅಂದರೆ ಪ್ರತಿ ಬ್ಲಾಕಿಗೆ ಸಿಗುವ ಹೊಸ ನಾಣ್ಯ ಅರ್ಧಕ್ಕೆ ಇಳಿಯುವುದು. 28 ನವೆಂಬರ್ 2012, 9 ಜುಲೈ 2016, ಮೇ 2020, ಏಪ್ರಿಲ್ 2024. ಮೂರು ಹಾವಿಂಗ್ ಸೇರಿದರೆ ಸುಮಾರು 12 ವರ್ಷ, ಗುರುವಿನ ಒಂದು ಸುತ್ತು ಅಂತ ಜೋಡಿಸುವವರಿದ್ದಾರೆ. ಹಾವಿಂಗ್ ಬರುವುದು 2,10,000 ಬ್ಲಾಕಿಗೆ ಒಮ್ಮೆ. ಬ್ಲಾಕಿಗೆ 10 ನಿಮಿಷದಂತೆ ಗುಣಿಸಿದರೆ ನಾಲ್ಕು ವರ್ಷ. ಅದು ಗುಣಾಕಾರದಿಂದ ಬಂದ ಹೊಂದಾಣಿಕೆ. ಗ್ರಹದ ಸಾಕ್ಷಿಗೆ ಅದನ್ನು ತರುವುದು ಸರಿಯಲ್ಲ.

---

ಸಿದ್ಧಾಂತಿ_ಬಸವನಗುಡಿ ಉತ್ತರ:

@ನೋಡ್‌ಚಾಲಕ, ಆ 2 ಗಂಟೆಯ ವಿಷಯ ತುಂಬಾ ಮುಖ್ಯ, ಹೇಳಿದ್ದು ಒಳ್ಳೆಯದಾಯ್ತು.

ಬ್ಲಾಕ್ 1 ಹಿಡಿದರೆ ಚಂದ್ರ ವೃಷಭದಲ್ಲಿ, ಮೃಗಶಿರಾ, ಕುಜ ದಶೆ, ಶುಕ್ರವಾರ. ಪೂರ್ತಿ ಬೇರೆ ಜಾತಕ. ಗರ್ಭಾಧಾನ, ಜನನ, ನಾಮಕರಣ ಮೂರಕ್ಕೂ ಶಾಸ್ತ್ರದಲ್ಲಿ ಬೇರೆ ಬೇರೆ ಕಾಲ ಇದೆ. ಶ್ವೇತಪತ್ರ ಸಂಕಲ್ಪ, ಜೆನೆಸಿಸ್ ಜನನ, ಬ್ಲಾಕ್ 1 ಹೊರಗೆ ಬಿಸಿಲು ಕಂಡದ್ದು ಅಂತ ಇಟ್ಟುಕೊಳ್ಳುವುದು ಸಮಂಜಸ. ಮೂಲೆಗಲ್ಲು ಅಂದಿರಲ್ಲ, ದೇವಸ್ಥಾನಕ್ಕೂ ಶಂಕುಸ್ಥಾಪನೆಯ ಕಾಲವನ್ನೇ ಜನ್ಮವಾಗಿ ನೋಡುವುದುಂಟು.

ದೋಷದ ಮಿತಿ ಹಾಕಿಕೊಂಡರೆ ಏನು ಉಳಿಯುತ್ತದೆ ನೋಡಿ. ಸಮಯ 2 ಗಂಟೆ ಆಚೀಚೆ ಆದರೂ ಚಂದ್ರ ಉತ್ತರಾಭಾದ್ರ ಬಿಡುವುದಿಲ್ಲ, ರಾಶಿಕುಂಡಲಿ ಕದಲುವುದಿಲ್ಲ, ಮಹಾದಶೆಯ ಕ್ರಮ ಬದಲಾಗುವುದಿಲ್ಲ. ಪಾದ ಬದಲಾಗಬಹುದು, ನವಾಂಶ ಕೈಬಿಡಬೇಕು. ಭುಕ್ತಿಯ (ದಶೆಯ ಒಳಭಾಗದ) ತಾರೀಕು ಹೇಳುವಂತಿಲ್ಲ. ಲಾಹಿರಿ ಲೆಕ್ಕದಲ್ಲಿ ಬುಧ ದಶೆ ರಾಹು ಭುಕ್ತಿ 2027ರಿಂದ 2029ರ ತನಕ ಬೀಳುತ್ತದೆ. ಅದರ ಮೇಲೆ ಒಂದೂವರೆ ವರ್ಷದ ಆಚೀಚೆ ಇಟ್ಟುಕೊಂಡರೆ ಯಾವ ತಿಂಗಳು ಅಂತ ಹೇಳುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ.

ಗೋಚಾರಕ್ಕೆ, ಅಂದರೆ ಹುಟ್ಟಿದ ಮೇಲಿನ ಗ್ರಹಸಂಚಾರಕ್ಕೆ, ಒಂದು ಉದಾಹರಣೆ. ಕ್ರಿಪ್ಟೋ ವಹಿವಾಟಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದ್ದು 6 ಏಪ್ರಿಲ್ 2018. ಅದಕ್ಕೆ ನಾಲ್ಕು ದಿನ ಮೊದಲು ಶನಿ ಮತ್ತು ಕುಜ ಧನುಸ್ಸಿನ 15ನೇ ಅಂಶದ ಹತ್ತಿರ ಯುತಿಯಾಗಿದ್ದರು, ಜನ್ಮದ ಕುಜ ಮತ್ತು ರವಿಯ ನಡುವೆ, ಚಂದ್ರನಿಂದ 10ನೇ ಮನೆಯಲ್ಲಿ. 10 ಅಂದರೆ ರಾಜಾಜ್ಞೆ. ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿದ್ದು 4 ಮಾರ್ಚ್ 2020, ಆಗ ಅದೇ ಧನುಸ್ಸಿನಲ್ಲಿ ಗುರು ಸ್ವಕ್ಷೇತ್ರದಲ್ಲಿದ್ದ. ಓದಲು ಸೊಗಸು. ಆದರೆ ಗುರು ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತಾನೆ, ಆ ವರ್ಷದಲ್ಲಿ ಆದ ಯಾವ ಒಳ್ಳೆಯದನ್ನಾದರೂ ಅವನ ಲೆಕ್ಕಕ್ಕೆ ಬರೆಯಬಹುದು. ಶನಿ-ಕುಜರ ನಿಕಟ ಯುತಿಗೆ ತೂಕ ಹೆಚ್ಚು, ಅದು ಎರಡು ವರ್ಷಕ್ಕೊಮ್ಮೆ ಕೆಲವೇ ದಿನ ಸಿಗುವಂಥದ್ದು.

---

ಸಂಹಿತಾ_ಮಲ್ಲೇಶ್ವರಂ ಉತ್ತರ:

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ, ಅದನ್ನು ನೋಡೋಣ.

ಪ್ಲೂಟೋ ಕುಂಭಕ್ಕೆ ಬಂದದ್ದು ಸಾಯನದಲ್ಲಿ, ಅಂದರೆ ವಿಷುವದ್ಬಿಂದುವಿನಿಂದ ರಾಶಿ ಎಣಿಸುವ ಪದ್ಧತಿಯಲ್ಲಿ. 2023ರ ಮಾರ್ಚಿನಲ್ಲಿ ಮೊದಲ ಸಲ ಇಣುಕಿ, ವಕ್ರಗತಿಯಲ್ಲಿ ಹಿಂದೆ ಮುಂದೆ ಆಗಿ, 2024ರ ನವೆಂಬರಿನಿಂದ ನೆಲೆ ನಿಂತದ್ದು. ಅದರಿಂದ 24 ಅಂಶ ಕಳೆಯಿರಿ, ನಿರಯನದಲ್ಲಿ ಇನ್ನೂ ಮಕರದಲ್ಲೇ ಇದೆ. ಕುಂಭ ಮುಟ್ಟಲು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಪಾಶ್ಚಾತ್ಯರ ಪದ್ಧತಿಯಲ್ಲಿ ಅವರ ಮಾತಿಗೆ ಅವರದೇ ಆಧಾರ ಇದೆ. ಸಾಯನದ ಫಲವನ್ನು ತಂದು ನಿರಯನ ಕುಂಡಲಿಯ ಮೇಲೆ ಅಂಟಿಸುವುದು ಮಾತ್ರ ಕೂಡದು.

ವಾಯುತತ್ತ್ವದ ಯುಗ ಅನ್ನುವುದೂ ಅಲ್ಲಿಂದಲೇ ಬಂದದ್ದು. 21 ಡಿಸೆಂಬರ್ 2020ರಂದು ಗುರು-ಶನಿ ಯುತಿ ಸಾಯನ ಕುಂಭದ ಅರ್ಧ ಅಂಶದಲ್ಲಿ ಆಯಿತು. ನಿರಯನದಲ್ಲಿ ಅದು ಮಕರ 6 ಅಂಶ 21 ಕಲೆ, ಉತ್ತರಾಷಾಢ. ಮಕರ ಪೃಥ್ವೀತತ್ತ್ವ. ಹಿಂದಕ್ಕೆ ಮುಂದಕ್ಕೆ ನೋಡಿ: 1961 ಮಕರ, 1980-81 ಕನ್ಯಾ, 2000 ಮೇಷ, 2020 ಮಕರ, 2040 ಮತ್ತೆ ಕನ್ಯಾ. 2000ದ ಒಂದು ಮೇಷ ಬಿಟ್ಟರೆ ಎಲ್ಲ ಪೃಥ್ವಿಯೇ. ಹಾಗಾಗಿ ನಮ್ಮ ಲೆಕ್ಕದಲ್ಲಿ ಈ ತಂತ್ರಜ್ಞಾನದ ಸಾಮಾಜಿಕ ಫಲವನ್ನು ಗಾಳಿಯಲ್ಲಿ ಹುಡುಕಬಾರದು, ಮಣ್ಣಿನಲ್ಲಿ ಹುಡುಕಬೇಕು: ಪಹಣಿ, ಖಾತೆ, ಮಂಡಿ, ಬಾಡಿಗೆ, ಕೂಲಿ, ವಿದ್ಯುತ್. ಯಾರ ಕೈಯಲ್ಲಿ ದಾಖಲೆ ಇದೆ, ಯಾರು ಕಮಿಷನ್ ತಿನ್ನುತ್ತಾರೆ ಅನ್ನುವ ಕಡೆ.

ಬೆಂಗಳೂರಿನಲ್ಲೇ ಕಣ್ಣೆದುರು ಇದೆ. ಆಟೋ ಕರೆಯುವ ‘ನಮ್ಮ ಯಾತ್ರಿ’ ಆ್ಯಪ್ ಬ್ಲಾಕ್‌ಚೈನ್ ಅಲ್ಲ, ಬೆಕ್ಕನ್ ಅನ್ನುವ ಮುಕ್ತ ಪ್ರೋಟೊಕಾಲ್ ಮೇಲೆ ನಿಂತದ್ದು. ಸವಾರಿಗೆ ಇಷ್ಟು ಅಂತ ಕಮಿಷನ್ ಹಿಡಿಯುವ ಬದಲು ಚಾಲಕ ದಿನದ ಚಂದಾ ಕಟ್ಟುವ ಪದ್ಧತಿ ಅಲ್ಲಿಂದ ಊರಿಗೆ ಪರಿಚಯವಾಯಿತು. ಒಎನ್‌ಡಿಸಿ ಅನ್ನುವ ಮುಕ್ತ ಆನ್‌ಲೈನ್ ವ್ಯಾಪಾರ ಜಾಲದ ಸಾರ್ವಜನಿಕ ಪ್ರಯೋಗ 2022ರ ಸೆಪ್ಟೆಂಬರ್ ಕೊನೆಗೆ ಶುರುವಾದದ್ದೂ ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ. ಯುಪಿಐಯನ್ನು ಈ ಸಾಲಿಗೆ ಸೇರಿಸುವವರಿದ್ದಾರೆ, ಅದು ತಪ್ಪು. ಯುಪಿಐ ನಡುವೆ ಒಂದೇ ಸ್ವಿಚ್ ಇದೆ, ಅದು ರವಿಯ ವ್ಯವಸ್ಥೆ. ಬಳಕೆ ಹಂಚಿಹೋಗಿದೆ, ಅಧಿಕಾರ ಹಂಚಿಹೋಗಿಲ್ಲ. ಕಾರಕತ್ವ ಹೇಳುವ ಮೊದಲು ಈ ವ್ಯತ್ಯಾಸ ಗೊತ್ತಿರಬೇಕು.

ಸ್ಥಳದ ಗಂಟಿಗೆ ಸಂಹಿತಾ ಸ್ಕಂಧದಲ್ಲಿ ಬೇರೆ ದಾರಿ ಇದೆ. ಜಾಲಕ್ಕೆ ಜಾತಕ ಹಾಕುವ ಬದಲು ಊರಿಗೆ ಹಾಕಿ. ರವಿ ನಿರಯನ ಮೇಷ ಮುಟ್ಟುವ ಕ್ಷಣಕ್ಕೆ ಆಯಾ ಊರಿನ ಅಕ್ಷಾಂಶ ರೇಖಾಂಶ ಹಿಡಿದು ಜಗಲ್ಲಗ್ನ ಕಟ್ಟುವುದು. ಬೆಂಗಳೂರಿಗೆ 12 ಅಂಶ 58 ಕಲೆ ಉತ್ತರ, 77 ಅಂಶ 35 ಕಲೆ ಪೂರ್ವ. ಪರಾಭವ ಸಂವತ್ಸರಕ್ಕೆ 14 ಏಪ್ರಿಲ್ 2026, ಮಂಗಳವಾರ, ಬೆಳಗ್ಗೆ 9:40ರ ಸುಮಾರು. ಯುಗಾದಿ ಗುರುವಾರ ಬಂದದ್ದರಿಂದ ರಾಜ ಗುರು, ಸಂಕ್ರಮಣ ಮಂಗಳವಾರವಾದ್ದರಿಂದ ಮಂತ್ರಿ ಕುಜ. ಬೆಂಗಳೂರಿನ ಲಗ್ನ ವೃಷಭದ ಕೊನೆಯ ಭಾಗ. ದೆಹಲಿಗೆ ಹಾಕಿದರೆ ಅಕ್ಷಾಂಶದ ವ್ಯತ್ಯಾಸದಿಂದ ವೃಷಭ-ಮಿಥುನ ಸಂಧಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ದೆಹಲಿಯ ಕುಂಡಲಿ ನೋಡಿ ಬೆಂಗಳೂರಿಗೆ ಫಲ ಹೇಳಬಾರದು.

ವೃಷಭ ಲಗ್ನಕ್ಕೆ 10ನೇ ಕುಂಭದಲ್ಲಿ ಚಂದ್ರ-ರಾಹು. 11ನೇ ಮೀನದಲ್ಲಿ ಶನಿ, ಕುಜ, ನೀಚ ಬುಧ. 12ರಲ್ಲಿ ರವಿ, ಶುಕ್ರ. 2ರಲ್ಲಿ ಗುರು. ಜೀವನೋಪಾಯದ ಮನೆಯಲ್ಲಿ ಜನಮನಸ್ಸಿನ ಚಂದ್ರನಿಗೆ ರಾಹುವಿನ ಸೋಂಕು: ಕೆಲಸ ಕೊಡುವವನ ಮುಖ ಕಾಣದ ದುಡಿಮೆ, ಆ್ಯಪ್ ಹೇಳಿದಂತೆ ನಡೆಯುವ ದುಡಿಮೆ. ಲಾಭದಲ್ಲಿ ಶ್ರಮಕಾರಕ ಶನಿಗೂ ಕುಜನಿಗೂ ಜಟಾಪಟಿ, ನಡುವೆ ಲೆಕ್ಕ ಇಡುವ ಬುಧ ನೀಚ: ಗಳಿಕೆಯ ಹಂಚಿಕೆಯ ಮೇಲೆ ತಕರಾರು, ಲೆಕ್ಕ ಸರಿಯಾಗಿ ತೋರಿಸಿ ಅನ್ನುವ ಒತ್ತಾಯ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಇಟ್ಟಿದೆ. ಆ ಶುಲ್ಕ ಯಾರ ಲೆಕ್ಕದಲ್ಲಿ, ಯಾರು ಪರಿಶೀಲಿಸುವುದು ಅನ್ನುವಲ್ಲಿ ಈ ಬುಧನ ಫಲ ಕಾಣಿಸುತ್ತದೆ. ಬಿಟ್‌ಕಾಯಿನ್ ಜಾತಕಕ್ಕಿಂತ ನಮ್ಮ ಜನರಿಗೆ ಇದು ಹತ್ತಿರದ ವಿಷಯ.

ಒಂದು ಭಿನ್ನಾಭಿಪ್ರಾಯ. ಸಿದ್ಧಾಂತಿಗಳು ಬೆಂಗಳೂರಿನ ಕನ್ಯಾ ಲಗ್ನವನ್ನು ಪೂರ್ತಿ ತಳ್ಳಿಹಾಕಿದ್ದು ಹೆಚ್ಚಾಯಿತು. ಗ್ರಹಣವನ್ನು ಎಲ್ಲ ಊರಿಗೂ ಬೇರೆ ಬೇರೆ ಲಗ್ನದಿಂದ ನೋಡುತ್ತೇವೆ. ಹಾಗೆಯೇ ‘ಈ ಜಾಲ ಬೆಂಗಳೂರಿಗೆ ಏನು ಕೊಟ್ಟೀತು’ ಅಂತ ಕೇಳುವಾಗ ಬೆಂಗಳೂರಿನ ಲಗ್ನ ಹಾಕಬಹುದು. ಲಗ್ನಾಧಿಪ ಬುಧ 5ರಲ್ಲಿ ರಾಹು-ಗುರು ಜೊತೆ: ಬುದ್ಧಿಯ ಕೆಲಸ ಹೆಚ್ಚು, ಜೂಜಿನ ಸೆಳೆತವೂ ಅಷ್ಟೇ.

---

ಸಿದ್ಧಾಂತಿ_ಬಸವನಗುಡಿ ಉತ್ತರ:

ಒಪ್ಪಲಾರೆ. ಗ್ರಹಣ, ಸಂಕ್ರಮಣ ಆಕಾಶದಲ್ಲಿ ನಡೆಯುವ ಘಟನೆಗಳು, ಎಲ್ಲ ಊರಿಗೂ ಸಮಾನವಾಗಿ ಸೇರಿದವು. ಜೆನೆಸಿಸ್ ನಡೆದದ್ದು ಭೂಮಿಯ ಮೇಲೆ, ಯಾವುದೋ ಒಂದು ಕೋಣೆಯಲ್ಲಿ. ಆ ಕೋಣೆ ಗೊತ್ತಿಲ್ಲ ಅಂದ ಮಾತ್ರಕ್ಕೆ ಅದನ್ನು ಆಕಾಶದ ಘಟನೆ ಮಾಡಲಾಗದು. ಕನ್ಯಾ ಲಗ್ನದ ಫಲ ನಮ್ಮ ಊರಿನ ಐಟಿ ಮಂದಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವುದೇ ನನಗೆ ಎಚ್ಚರಿಕೆಯ ಗಂಟೆ. ಇಥೀರಿಯಂ ಮೈನಿಂಗ್ ಬಿಟ್ಟು ಬೇರೆ ಪದ್ಧತಿಗೆ ಬದಲಾದ ಮರ್ಜ್ ನೋಡಿ: 15 ಸೆಪ್ಟೆಂಬರ್ 2022, ಗುರುವಾರ, ನಮ್ಮ ಮಧ್ಯಾಹ್ನ 12:12:42. ಆ ದಿನ ಬೆಂಗಳೂರಿನ ನೆತ್ತಿಯ ಸೂರ್ಯ 12:15ಕ್ಕೆ. ಅಂದರೆ ಬೆಂಗಳೂರಿಗೆ ಅಭಿಜಿನ್ಮುಹೂರ್ತದ (ನಡುಹಗಲಿನ ಶುಭ ಹೊತ್ತಿನ) ಸರಿಮಧ್ಯ. ಆ ಹೊತ್ತನ್ನು ಯಾರೂ ಆರಿಸಿರಲಿಲ್ಲ, ಒಟ್ಟು ಡಿಫಿಕಲ್ಟಿ (ಮೈನಿಂಗ್ ದುಡಿಮೆಯ ಮೊತ್ತ) ನಿಗದಿತ ಮಟ್ಟ ತಲುಪಿದಾಗ ತಾನಾಗಿ ಆದದ್ದು. ಲಂಡನ್ನಿನವರಿಗೆ ಅದು ಬೆಳಗಿನ 7:42. ಬೆಂಗಳೂರಿಗಾಗಿ ಆಯ್ತು ಅನ್ನಲು ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ!

---

ಗಣಕ_ಚಾಮರಾಜಪೇಟೆ ಉತ್ತರ:

ಎಲ್ಲರಿಗೂ ಅನಂತ ಧನ್ಯವಾದ. ಇದಕ್ಕೆ ಅಂಟಿಕೊಂಡ ಇನ್ನೊಂದು ಸಂದೇಹ. ಹೊಸ ಜಾಲವೊಂದನ್ನು ಚಾಲೂ ಮಾಡಲು ಮುಹೂರ್ತ ಇಡುವುದಾದರೆ ಯಾವ ಕ್ಷಣಕ್ಕೆ ಇಡಬೇಕು? ಉದಾಹರಣೆಗೆ ಕಾಸ್ಮೋಸ್ ಮಾದರಿಯ ಸರಪಳಿ, 20 ವ್ಯಾಲಿಡೇಟರ್‌ಗಳು (ಬ್ಲಾಕಿಗೆ ಒಪ್ಪಿಗೆಯ ಮತ ಹಾಕುವ ಗಣಕಗಳು), ಬೇರೆ ಬೇರೆ ದೇಶದಲ್ಲಿ. ಜನವರಿ ಮಧ್ಯದ ಒಂದು ಸೋಮವಾರ, ರಾಹುಕಾಲ 7:30ರಿಂದ 9, ಅದು ಮುಗಿದ ಮೇಲೆ 9:10ಕ್ಕೆ ಅಂತ ಇಟ್ಟರೆ ಸರಿಯೇ?

---

ಸಂಹಿತಾ_ಮಲ್ಲೇಶ್ವರಂ ಉತ್ತರ:

9:10 ರಾಹುಕಾಲದ ಒಳಗೇ ಬೀಳುತ್ತದೆ. ಕ್ಯಾಲೆಂಡರ್‌ನ 7:30-9 ಲೆಕ್ಕ 6 ಗಂಟೆಗೆ ಸೂರ್ಯೋದಯ, 12 ಗಂಟೆಯ ಹಗಲು ಅಂತ ಹಾಕಿದ್ದು. ಜನವರಿ ಮಧ್ಯದಲ್ಲಿ ಬೆಂಗಳೂರಿನ ಸೂರ್ಯೋದಯ 6:46ರ ಹತ್ತಿರ, ಅಸ್ತ 6:12ರ ಹತ್ತಿರ. ಹಗಲು 11 ಗಂಟೆ 26 ನಿಮಿಷ, ಎಂಟರಲ್ಲಿ ಒಂದು ಭಾಗ ಸುಮಾರು 86 ನಿಮಿಷ. ಸೋಮವಾರಕ್ಕೆ ಎರಡನೇ ಭಾಗ: 8:12ರಿಂದ 9:38. ವ್ಯಾಲಿಡೇಟರ್‌ಗಳು ಬೇರೆ ದೇಶದಲ್ಲಿದ್ದರೆ ಅವರ ರಾಹುಕಾಲ ಅವರದು, ಎಲ್ಲರದ್ದೂ ತಪ್ಪಿಸಲು ಹೊರಟರೆ ಸಮಯವೇ ಉಳಿಯದು. ಸಂಕಲ್ಪ ಮಾಡುವ ಕರ್ತೃ ಎಲ್ಲಿದ್ದಾನೋ ಆ ಊರಿಗೆ ನೋಡಿ. ತಿಥಿ, ನಕ್ಷತ್ರ, ಚಂದ್ರನ ರಾಶಿ ಎಲ್ಲರಿಗೂ ಒಂದೇ, ಅದಕ್ಕೆ ಹೆಚ್ಚು ಗಮನ ಕೊಡಿ.

---

ನೋಡ್‌ಚಾಲಕ ಉತ್ತರ:

ಮುಹೂರ್ತದ ಕ್ಷಣ ನಿಮ್ಮ ಹಿಡಿತದಲ್ಲಿ ಇರುತ್ತದೆಯೇ ಅನ್ನುವುದು ಜಾಲದಿಂದ ಜಾಲಕ್ಕೆ ಬೇರೆ.

ಬಿಟ್‌ಕಾಯಿನ್ ಮೇಲೆ ಒಂದು ವಹಿವಾಟು ದಾಖಲಾಗಬೇಕಾದರೆ ಬ್ಲಾಕ್ ಬರುವ ತನಕ ಕಾಯಬೇಕು. ಸರಾಸರಿ 10 ನಿಮಿಷ, ಆದರೆ ಅರ್ಧ ಗಂಟೆ ಬ್ಲಾಕೇ ಬಾರದಿರುವ ಸಾಧ್ಯತೆ ಶೇ 5. ಅಭಿಜಿತ್ತಿನ 48 ನಿಮಿಷದ ಕಿಂಡಿಯಾದರೆ ತಪ್ಪುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ, ಆದರೆ ಶುಲ್ಕ ಕಡಿಮೆ ಇಟ್ಟರೆ ಮೆಂಪೂಲ್‌ನಲ್ಲೇ (ಕಾಯುವ ಸಾಲಿನಲ್ಲೇ) ಕೂತು ಮುಹೂರ್ತ ಮೀರುತ್ತದೆ. ಇಥೀರಿಯಂನಲ್ಲಿ ಸ್ಲಾಟ್ (ಬ್ಲಾಕಿನ ಸರದಿ) 12 ಸೆಕೆಂಡಿಗೆ ಒಂದು, ಅರ್ಧ ನಿಮಿಷದೊಳಗೆ ಗುರಿ ಮುಟ್ಟಬಹುದು.

ನೀವು ಹೇಳಿದ ಮಾದರಿಯಲ್ಲಿ ಜೆನೆಸಿಸ್ ಕಡತದಲ್ಲಿ ಸಮಯ ಬರೆದಿಡುತ್ತೀರಿ. ಅದನ್ನು ಗ್ರೀನಿಚ್ ಕಾಲದಲ್ಲೇ ಬರೆಯಬೇಕು: 9:50ಕ್ಕೆ ಇಡುವುದಾದರೆ 04:20. ಆದರೆ ಆ ಹೊತ್ತಿಗೆ ಸರಪಳಿ ಓಡಲೇಬೇಕು ಅಂತಿಲ್ಲ. ಮತಬಲದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ವ್ಯಾಲಿಡೇಟರ್‌ಗಳು ಜಾಲಕ್ಕೆ ಬಂದ ಮೇಲಷ್ಟೇ ಬ್ಲಾಕ್ ಹುಟ್ಟುವುದು. ಸಮಾನ ಮತವಾದರೆ 20ರಲ್ಲಿ 14 ಬೇಕು, 13 ಸಾಲದು. ಇನ್ನೊಂದು ಮೋಸ ಹೋಗುವ ಜಾಗ: ಬ್ಲಾಕ್ 1ರ ಸಮಯ ಕಡತದಲ್ಲಿ ಬರೆದದ್ದರ ನಕಲು. ಎರಡು ಗಂಟೆ ತಡವಾಗಿ ಶುರುವಾದರೂ ಬ್ಲಾಕ್ 1 ಮುಹೂರ್ತದ ಸಮಯವನ್ನೇ ತೋರಿಸುತ್ತದೆ. ನಿಜ ಗೊತ್ತಾಗಬೇಕಾದರೆ ಬ್ಲಾಕ್ 2 ಅಥವಾ 3 ನೋಡಿ, ಜೊತೆಗೆ ನೋಡ್‌ನ ಲಾಗ್.

ತಡವಾಗುವುದು ಸಾಮಾನ್ಯವಾಗಿ ಈ ಕಾರಣಗಳಿಂದ: ಒಬ್ಬೊಬ್ಬರ ಬಳಿ ಬೇರೆ ಬೇರೆ ಜೆನೆಸಿಸ್ ಕಡತ, ಬೈನರಿಯ ಆವೃತ್ತಿ ವ್ಯತ್ಯಾಸ, ಪೋರ್ಟ್ 26656 ಫೈರ್‌ವಾಲ್‌ನಲ್ಲಿ ಮುಚ್ಚಿರುವುದು, ಸರ್ವರ್ ಗಡಿಯಾರ ಜಾರಿರುವುದು. ಹಿಂದಿನ ದಿನವೇ ಎಲ್ಲರಿಂದ ಕಡತದ ಎಸ್‌ಎಚ್‌ಎ-256 ಹ್ಯಾಶ್ ತರಿಸಿ ಒಂದೇ ಇದೆಯೇ ನೋಡಿ. ಮುಹೂರ್ತಕ್ಕೆ ಒಂದು ಗಂಟೆ ಮೊದಲೇ ಎಲ್ಲ ನೋಡ್‌ಗಳನ್ನು ಏರಿಸಿ ನಿಲ್ಲಿಸಿ, ಅವು ತಾವೇ ಕಾಯುತ್ತವೆ.

---

ಸಿದ್ಧಾಂತಿ_ಬಸವನಗುಡಿ ಉತ್ತರ:

ಹಾಗಾದರೆ ಜಾತಕಕ್ಕೆ ಬ್ಲಾಕ್ 2ರ ಸಮಯ, ಮುಹೂರ್ತಕ್ಕೆ ಕಡತದ ಸಮಯ ಅಂತ ಎರಡನ್ನೂ ಬರೆದಿಡಿ. ಲಗ್ನ ರಾಶಿಯ ನಡುವೆ, 8ರಿಂದ 20 ಅಂಶದೊಳಗೆ ಬರುವಂತೆ ಆರಿಸಿದರೆ ಅರ್ಧ ಗಂಟೆ ತಡವಾದರೂ ಲಗ್ನ ಜಾರುವುದಿಲ್ಲ. ನೀವು ಅಂದುಕೊಂಡಿರುವ ಸೋಮವಾರಗಳ ತಾರೀಕು ಇಲ್ಲಿ ಹಾಕಿ, ಚಂದ್ರಬಲ ತಾರಾಬಲ ನೋಡಿ ಹೇಳುತ್ತೇನೆ.